ಕನ್ನಡದ ಆಸರೆ ಇಲ್ಲದ ತರಗತಿ: ಹೊರದೇಶದ ವಯಸ್ಕರಿಗೆ ಇಂಗ್ಲಿಷ್ ಕಲಿಸುವ ತಯಾರಿ

ನಾಲ್ಕನೆಯ ಸೆಮಿಸ್ಟರ್ ಮುಗಿಯಲು ಬಂದಾಗ, ಇಂಗ್ಲಿಷ್ ಬೋಧನಾ ಪದ್ಧತಿಯನ್ನು ಆಯ್ದುಕೊಂಡವರಲ್ಲಿ ಇಬ್ಬರೋ ಮೂವರೋ ಬಂದು ಕೇಳುವ ಪ್ರಶ್ನೆ ಈಚೆಗೆ ಒಂದೇ ಆಗಿದೆ. 'ಮೇಡಂ, ಹೊರದೇಶದಾಗ ದೊಡ್ಡವರಿಗೆ ಇಂಗ್ಲಿಷ್ ಕಲಸೂ ಕೆಲಸ ಸಿಗತಾವಂತ. ನಮ್ಮ ಬಿ.ಎಡ್. ಸಾಕಾಗತದೇನ್ರಿ?' ಒಬ್ಬಳ ಗಂಡನಿಗೆ ಮಸ್ಕತ್‌ನಲ್ಲಿ ನೌಕರಿ. ಒಬ್ಬನ ಗೆಳೆಯ ವಿಯೆಟ್ನಾಮಿನಲ್ಲಿದ್ದಾನೆ. ಇನ್ನೊಬ್ಬಳು ಮೊಬೈಲಿನಲ್ಲಿ ಜಾಹೀರಾತು ನೋಡಿ ಬಂದಿದ್ದಾಳೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಹೊರದೇಶದ ವಿಚಾರವೇ ಇಲ್ಲದವರೂ ಓದಲಿ ಎಂದು ನನ್ನ ಅಪೇಕ್ಷೆ. ಈ ಪ್ರಶ್ನೆಯ ಬೆನ್ನು ಹತ್ತಿದರೆ ನಮ್ಮ ಅಭ್ಯಾಸ ಬೋಧನೆಯಲ್ಲಿ ನಾವು ಯಾವುದನ್ನು ಕಲಿಸುತ್ತಿದ್ದೇವೆ, ಯಾವುದನ್ನು ಕಲಿಸುತ್ತಿಲ್ಲ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಕಾಗದದ ಮೇಲಿನ ಲೆಕ್ಕ ಮೊದಲು ನೋಡೋಣ. 2015ರಿಂದ ನಮ್ಮ ಬಿ.ಎಡ್. ಎರಡು ವರ್ಷದ್ದು. ಶಾಲಾ ಇಂಟರ್ನ್‌ಶಿಪ್ ಒಟ್ಟು 20 ವಾರ. ಹೊರದೇಶದ ಭಾಷಾಶಾಲೆಗಳು ಹೆಚ್ಚಾಗಿ ಕೇಳುವುದು ಕೇಂಬ್ರಿಜ್‌ನ ಸೆಲ್ಟಾ ಪ್ರಮಾಣಪತ್ರ. ಅದು 120 ಗಂಟೆಗಳದು. ಪೂರ್ಣಾವಧಿಯಲ್ಲಿ ಮಾಡಿದರೆ ನಾಲ್ಕೈದು ವಾರದಲ್ಲಿ ಮುಗಿಯುತ್ತದೆ. ಅದರಲ್ಲಿ ಪ್ರಶಿಕ್ಷಣಾರ್ಥಿ ನಿಜವಾಗಿ ನಿಂತು ಪಾಠ ಮಾಡುವುದು ಕೇವಲ 6 ಗಂಟೆ. ಅನುಭವಿಗಳ ಪಾಠ ವೀಕ್ಷಿಸುವುದು 6 ಗಂಟೆ. ಜೊತೆಗೆ 4 ಲಿಖಿತ ನಿಯೋಜಿತ ಕಾರ್ಯ. ಎರಡು ವರ್ಷ ಓದಿದ ನಮ್ಮವರಿಗೆ ಇದು ನಗೆಪಾಟಲಿನ ಮಾತೆನಿಸಬಹುದು. ಆದರೂ ಅಲ್ಲಿನ ಸಂದರ್ಶಕರು ಆ ಆರು ಗಂಟೆಗೆ ಕೊಡುವ ಬೆಲೆಯನ್ನು ನಮ್ಮ 20 ವಾರಕ್ಕೆ ಕೊಡುವುದಿಲ್ಲ. ಅದನ್ನು ಅವಮಾನ ಎಂದುಕೊಳ್ಳುವ ಮೊದಲು ಕಾರಣ ತಿಳಿಯುವುದು ಒಳ್ಳೆಯದು.

ಆ ಆರು ಗಂಟೆಯಲ್ಲಿ ಎದುರಿಗೆ ಕೂತಿರುವವರು ವಯಸ್ಕರು. ಎರಡು ಬೇರೆ ಬೇರೆ ಮಟ್ಟದ ಕಲಿಕಾರ್ಥಿಗಳಿಗೆ ಪಾಠ ಮಾಡಬೇಕು. ಬಹಳ ಸಲ ಆ ಕಲಿಕಾರ್ಥಿಗಳ ಭಾಷೆ ಶಿಕ್ಷಕರಿಗೆ ಬಾರದು, ಶಿಕ್ಷಕರ ಭಾಷೆ ಅವರಿಗೆ ಬಾರದು. ಪಾಠ ಮುಗಿದ ಮೇಲೆ ಸಹಪ್ರಶಿಕ್ಷಣಾರ್ಥಿಗಳ ಎದುರಿಗೇ ಅದನ್ನು ಬಿಡಿಸಿ ನೋಡುತ್ತಾರೆ. ಈ ರೂಢಿ ಬಂದದ್ದು 1962ರಲ್ಲಿ ಲಂಡನ್ನಿನ ಇಂಟರ್‌ನ್ಯಾಷನಲ್ ಹೌಸ್‌ನಲ್ಲಿ ಜಾನ್ ಹೇಕ್ರಾಫ್ಟ್ ಶುರುಮಾಡಿದ ಕಿರು ತರಬೇತಿಯಿಂದ. ಬೇರೆ ಬೇರೆ ದೇಶದಿಂದ ಬಂದವರು ಒಂದೇ ಕೋಣೆಯಲ್ಲಿ ಕೂತಾಗ ಅನುವಾದ ಮಾಡಿ ಹೇಳುವ ದಾರಿಯೇ ಇರಲಿಲ್ಲ. ಇಂಗ್ಲಿಷನ್ನು ಇಂಗ್ಲಿಷಿನಿಂದಲೇ, ಅದೂ ಬಾರದವರಿಗೆ, ಹೇಗೆ ತಿಳಿಸುವುದು ಎಂಬುದೊಂದೇ ಆ ತರಬೇತಿಯ ತಿರುಳು.

ನಮ್ಮ ಇಂಗ್ಲಿಷ್ ಪಾಠ ಎರಡು ಊರುಗೋಲುಗಳ ಮೇಲೆ ನಿಂತಿದೆ. ಒಂದು, ಕನ್ನಡ. ಎಂಟನೆಯ ತರಗತಿಯಲ್ಲಿ 'ಫ್ಯಾಮಿನ್' ಎಂಬ ಶಬ್ದ ಬಂದರೆ 'ಬರಗಾಲ' ಎಂದು ಹೇಳಿ ಎರಡು ಸೆಕೆಂಡಿನಲ್ಲಿ ಮುಂದೆ ಹೋಗುತ್ತೇವೆ. ಇದು ತಪ್ಪೆಂದು ನಾನು ಹೇಳುವುದಿಲ್ಲ. ಮಗುವಿನ ಮನೆಮಾತು ತರಗತಿಯ ಸಂಪನ್ಮೂಲ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಎಲ್ಲರಿಗೂ ಕನ್ನಡ ಗೊತ್ತಿರುವ ಕೋಣೆಯಲ್ಲಿ ಬರಗಾಲವನ್ನು ಕೈಬಾಯಿ ಸನ್ನೆಯಲ್ಲಿ ಅಭಿನಯಿಸುತ್ತ ಹತ್ತು ನಿಮಿಷ ಕಳೆಯುವುದು ಹುಚ್ಚುತನ. ಎರಡನೆಯ ಊರುಗೋಲು ಅಧಿಕಾರ. ಮಗು ಎದ್ದು ನಿಲ್ಲುತ್ತದೆ, ಮನೆಗೆಲಸ ಮಾಡಿಕೊಂಡು ಬರುತ್ತದೆ. ಪರೀಕ್ಷೆ ಇದೆ, ಅಂಕವಿದೆ, ಮನೆಯಲ್ಲಿ ಅಪ್ಪ ಇದ್ದಾನೆ. ಪಾಠ ರುಚಿಸದಿದ್ದರೂ ಮಗು ನಾಳೆ ಬರುತ್ತದೆ. ಹಗಲೆಲ್ಲ ದುಡಿದು ಸಂಜೆ ಏಳಕ್ಕೆ, ತನ್ನದೇ ದುಡ್ಡು ಕೊಟ್ಟು ತರಗತಿಗೆ ಬರುವ ನಲವತ್ತು ವರ್ಷದವನು ಮೂರು ದಿನ ನೋಡಿ ಬಿಟ್ಟುಬಿಡುತ್ತಾನೆ. ಹೊರದೇಶದ ವಯಸ್ಕರ ತರಗತಿಯಲ್ಲಿ ಈ ಎರಡೂ ಊರುಗೋಲು ಒಟ್ಟಿಗೇ ಹೋಗುತ್ತವೆ.

'ಈಸ್ ಇಟ್ ಕ್ಲಿಯರ್?'

ಇದನ್ನು ನೋಡಲು ವಿಮಾನ ಹತ್ತಬೇಕಾಗಿಲ್ಲ. ಹುಬ್ಬಳ್ಳಿಯಿಂದ ತಡಸ ದಾಟಿ ಬಸ್ಸಿನಲ್ಲಿ ಒಂದೂವರೆ ತಾಸು ಹೋದರೆ ಮುಂಡಗೋಡ. ಅಲ್ಲಿನ ಟಿಬೆಟನ್ ನೆಲೆ 1966ರಿಂದ ಇದೆ. ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ದೊಡ್ಡ ಮಠಗಳು ಲಾಸಾ ಪ್ರದೇಶ ಬಿಟ್ಟು ಬಂದ ಮೇಲೆ ಮತ್ತೆ ಎದ್ದದ್ದು ಅಲ್ಲಿಯೇ. ಆ ಭಿಕ್ಷುಗಳಲ್ಲಿ ಇಂಗ್ಲಿಷ್ ಕಲಿಯಬೇಕೆನ್ನುವ ವಯಸ್ಕರು ಬಹಳ ಜನ. ಹೊರದೇಶದವರು ಅಲ್ಲಿ ಉಳಿದು ಕಲಿಸಬೇಕೆಂದರೆ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಪಡೆಯಬೇಕು; ನಮಗೆ ಅದು ಬೇಡ. ಪರಿಚಯದವರ ಮೂಲಕ ಕೇಳಿಕೊಂಡು ಎರಡು ಸಲ ನಾಲ್ಕೈದು ಪ್ರಶಿಕ್ಷಣಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಂಗಡಿ ವ್ಯವಹಾರಕ್ಕೆ ಬೇಕಾದಷ್ಟು ಕನ್ನಡ, ಹಿಂದಿ ಕೆಲವರಿಗೆ ಬರುತ್ತಿತ್ತು. ಎಲ್ಲರಿಗೂ ಸಾಮಾನ್ಯವಾದ ಭಾಷೆ ಟಿಬೆಟನ್ ಒಂದೇ. ನಮ್ಮಲ್ಲಿ ಯಾರಿಗೂ ಅದರ ಅಕ್ಷರವೂ ತಿಳಿಯದು.

ಒಬ್ಬ ಪ್ರಶಿಕ್ಷಣಾರ್ಥಿ, ಇಂಟರ್ನ್‌ಶಿಪ್‌ನಲ್ಲಿ ಒಳ್ಳೆಯ ಹೆಸರು ಪಡೆದವನು, 'ಯೂಸ್ಡ್ ಟು' ಪ್ರಯೋಗವನ್ನು ಆರಿಸಿಕೊಂಡ. ಏಳೆಂಟು ನಿಮಿಷ ಸೊಗಸಾಗಿ ವಿವರಿಸಿದ. ಹಿಂದಿನ ಕಾಲದಲ್ಲಿ ರೂಢಿಯಾಗಿದ್ದು ಈಗ ನಿಂತುಹೋದದ್ದನ್ನು ಹೇಳಲು ಇದನ್ನು ಬಳಸುತ್ತಾರೆ ಎಂಬುದನ್ನು ಇಂಗ್ಲಿಷಿನಲ್ಲಿ ಮೂರು ರೀತಿಯಲ್ಲಿ ಹೇಳಿದ. ಕಪ್ಪುಹಲಗೆಯ ಬರಹ ಮುತ್ತಿನಂತಿತ್ತು. ಕೊನೆಗೆ, 'ಈಸ್ ಇಟ್ ಕ್ಲಿಯರ್?' ಎಲ್ಲರೂ ತಲೆಯಾಡಿಸಿ 'ಯೆಸ್, ಸರ್' ಎಂದರು. ಒಂದೊಂದು ವಾಕ್ಯ ಬರೆಯಿರಿ ಎಂದಾಗ ಮುಂದಿನ ಸಾಲಿನಿಂದಲೇ ಬಂದ ವಾಕ್ಯ, 'ಐ ಯೂಸ್ಡ್ ಟು ಗೋ ಟು ಹುಬ್ಬಳ್ಳಿ ಟುಮಾರೊ.'

ಇಲ್ಲಿ ಎಡವಟ್ಟು ಎಲ್ಲಿ ಆಯಿತು? ವಿವರಣೆಯ ಇಂಗ್ಲಿಷು ವಿವರಿಸಬೇಕಾದ ಇಂಗ್ಲಿಷಿಗಿಂತ ಕಠಿಣವಾಗಿತ್ತು. ನಮ್ಮ ಶಾಲೆಗಳಲ್ಲಿ ಹೀಗಾದಾಗ ಕನ್ನಡ ನಡುವೆ ಬಂದು ಕೈಹಿಡಿಯುತ್ತದೆ. ಹುಡುಗನಿಗೆ ತನ್ನ ವಿವರಣೆ ಕೈಕೊಟ್ಟದ್ದು ತಿಳಿಯುವುದೇ ಇಲ್ಲ. ಇನ್ನೊಂದು, 'ತಿಳೀತೇನು?' ಎಂಬ ಪ್ರಶ್ನೆಗೆ ಯಾವ ದೇಶದ ವಯಸ್ಕನೂ 'ಇಲ್ಲ' ಎನ್ನುವುದಿಲ್ಲ. ಹತ್ತು ಜನರ ಎದುರಿಗೆ ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ತಲೆಯಾಡಿಸುವುದು ಮರ್ಯಾದೆಯ ದಾರಿ. ನಾವಾದರೂ ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ ಹಾಗೇ ಮಾಡುತ್ತೇವಲ್ಲ.

ಮರುದಿನ ಅದೇ ಪಾಠವನ್ನು ಬೇರೆ ರೀತಿಯಲ್ಲಿ ಕಟ್ಟಿದೆವು. ಹಲಗೆಯ ಮೇಲೆ ಒಂದು ಅಡ್ಡಗೆರೆ. ನಡುವೆ 'ನೌ' ಎಂಬ ಗುರುತು. ಎಡಕ್ಕೆ ಒಂದು ಸೈಕಲ್ಲಿನ ಚಿತ್ರ, ಅದರ ಕೆಳಗೆ ಸಾಲಾಗಿ ಐದಾರು ಚುಕ್ಕೆ. 'ನೌ' ಗುರುತಿನ ಕೆಳಗೆ ಒಂದು ಮೋಟರ್ ಸೈಕಲ್ಲು. ಪ್ರಶಿಕ್ಷಣಾರ್ಥಿ ತನ್ನ ತಂದೆಯ ಫೋಟೊ ತೋರಿಸಿ ಒಂದೇ ವಾಕ್ಯ ಹೇಳಿದ: 'ಮೈ ಫಾದರ್ ಯೂಸ್ಡ್ ಟು ರೈಡ್ ಎ ಬೈಸಿಕಲ್.' ವಿವರಣೆ ಏನೂ ಇಲ್ಲ. ಮೂರು ಪ್ರಶ್ನೆ ಮಾತ್ರ. 'ಡಸ್ ಹಿ ರೈಡ್ ಎ ಬೈಸಿಕಲ್ ನೌ?' ನೋ. 'ಡಿಡ್ ಹಿ ರೈಡ್ ಇಟ್ ಬಿಫೋರ್?' ಯೆಸ್. 'ಒನ್ ಟೈಮ್, ಆರ್ ಮೆನಿ ಟೈಮ್ಸ್?' ಮೆನಿ. ಇವನ್ನು ಅರ್ಥಪರಿಶೀಲನೆಯ ಪ್ರಶ್ನೆಗಳು ಎನ್ನಬಹುದು. ಅವುಗಳ ಕಟ್ಟುನಿಟ್ಟು ಎರಡು: ಪ್ರಶ್ನೆಯಲ್ಲಿ ಕಲಿಸುತ್ತಿರುವ ಪ್ರಯೋಗವೇ ಬರಬಾರದು, ಉತ್ತರ ಒಂದೆರಡು ಶಬ್ದದಲ್ಲಿ ಮುಗಿಯಬೇಕು. 'ಡಿಡ್ ಹಿ ಯೂಸ್ಡ್ ಟು' ಎಂದು ಶುರುಮಾಡಿದರೆ ಎಲ್ಲ ಕೆಟ್ಟಿತು. ತಲೆಯಾಡಿಸಿ ತಪ್ಪಿಸಿಕೊಳ್ಳಲು ಈ ಪ್ರಶ್ನೆಗಳಲ್ಲಿ ಜಾಗವಿಲ್ಲ, ನಾಚಿಕೆಗೂ ಕಾರಣವಿಲ್ಲ. ಆ ದಿನ ಬಂದ ವಾಕ್ಯಗಳಲ್ಲಿ 'ಟುಮಾರೊ' ಇರಲಿಲ್ಲ.

ನೋಡಲು ಸಣ್ಣದು, ಆದರೆ ಇಂಥ ಮೂರು ಪ್ರಶ್ನೆ ಬರೆಯಬೇಕಾದರೆ ಆ ಪ್ರಯೋಗದ ಅರ್ಥವನ್ನು ಬಿಚ್ಚಿ ನೋಡಿರಬೇಕು. ನಮ್ಮ ಪಾಠಯೋಜನೆಗಳಲ್ಲಿ 'ವಿದ್ಯಾರ್ಥಿಗಳು ಯೂಸ್ಡ್ ಟು ಪ್ರಯೋಗವನ್ನು ಅರ್ಥಮಾಡಿಕೊಳ್ಳುವರು' ಎಂದು ಉದ್ದೇಶದ ಅಂಕಣದಲ್ಲಿ ಬರೆದು ಬಿಡುತ್ತೇವೆ. ಏನನ್ನು ಅರ್ಥಮಾಡಿಕೊಳ್ಳುವರು? ಈಗ ಇಲ್ಲ, ಹಿಂದೆ ಇತ್ತು, ಒಂದು ಸಲದ್ದಲ್ಲ. ಇಷ್ಟು ಬರೆದರೆ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಸೆಲ್ಟಾ ಮಾದರಿಯ ಯೋಜನೆಯಲ್ಲಿ 'ಎದುರಾಗಬಹುದಾದ ತೊಡಕುಗಳು, ಪರಿಹಾರ' ಎಂಬ ಭಾಗವಿರುತ್ತದೆ. ನಮ್ಮ ನಮೂನೆಗೆ ಬೇರೆ ಯಾವುದನ್ನು ಸೇರಿಸದಿದ್ದರೂ ಇದೊಂದನ್ನು ಸೇರಿಸಬೇಕೆಂದು ನನ್ನ ಅಭಿಪ್ರಾಯ.

ಸೂಚನೆ ಕೊಡುವ ರೀತಿಯೂ ಇದೇ ಜಾತಿಯದು. ನಮ್ಮವರ ಇಂಗ್ಲಿಷ್ ಸೂಚನೆಗಳು ಸೌಜನ್ಯದಿಂದ ಉದ್ದವಾಗುತ್ತವೆ: 'ಓಕೆ, ನೌ ವಾಟ್ ಯು ಹ್ಯಾವ್ ಟು ಡೂ ಈಸ್, ಯು ಕ್ಯಾನ್ ಜಸ್ಟ್ ಟೇಕ್ ಔಟ್ ಯುವರ್ ಬುಕ್ಸ್ ಅಂಡ್ ಗೋ ಥ್ರೂ ದ ಪ್ಯಾಸೇಜ್ ಒನ್ಸ್.' ಎರಡು ತಿಂಗಳು ಇಂಗ್ಲಿಷ್ ಕಲಿತವನ ಕಿವಿಗೆ ಇದು ಗದ್ದಲ. 'ಓಪನ್ ಪೇಜ್ ಟೆನ್. ರೀಡ್. ಡೋಂಟ್ ರೈಟ್.' ಇಷ್ಟು ಸಾಕು. ಒರಟೆನಿಸಿದರೆ ಮುಖದಲ್ಲಿ ನಗುವಿರಲಿ. ಮತ್ತೆ ಕೇಳಿ ಖಚಿತಪಡಿಸಿಕೊಳ್ಳಬೇಕು: 'ರೈಟ್ ಆರ್ ರೀಡ್?'

ವಯಸ್ಕರ ಮರ್ಯಾದೆ

ವಯಸ್ಕರ ಕಲಿಕೆ ಮಕ್ಕಳ ಕಲಿಕೆಗಿಂತ ಬೇರೆ ಎಂಬ ಮಾತನ್ನು ಅಮೆರಿಕದ ಮಾಲ್ಕಂ ನೋಲ್ಸ್ 1973ರ ಪುಸ್ತಕದಲ್ಲಿ ವಿಸ್ತಾರವಾಗಿ ಮಂಡಿಸಿದ. ನಮ್ಮ ಪಠ್ಯದಲ್ಲಿ ಅದು ಒಂದು ಪುಟದಷ್ಟು ಬರುತ್ತದೆ. ಆ ಪುಟವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅಭ್ಯಾಸದಲ್ಲಿ ಅದು ಎಲ್ಲಿ ತಾಗುತ್ತದೆ ಎಂಬುದಷ್ಟೇ ನನಗೆ ಮುಖ್ಯ.

ಸೂಕ್ಷ್ಮ ಬೋಧನೆಯಲ್ಲಿ ಪುನರ್ಬಲನ ಕೌಶಲ ಕಲಿಸುತ್ತೇವೆ. ಪ್ರತಿ ಉತ್ತರಕ್ಕೂ 'ಗುಡ್', 'ವೆರಿ ಗುಡ್', 'ಎಕ್ಸಲೆಂಟ್'. ವೀಕ್ಷಕರು ಹಾಳೆಯ ಮೇಲೆ ಗೆರೆ ಎಳೆದು ಎಣಿಸುತ್ತಾರೆ. ಮೂವತ್ತು ವರ್ಷ ಲಾರಿ ಓಡಿಸಿದವನು ತನ್ನ ಹೆಸರು ಹೇಳಿದ್ದಕ್ಕೆ 'ವೆರಿ ಗುಡ್' ಎಂದರೆ ಅವನಿಗೆ ಏನೆನಿಸಬೇಕು? ವಯಸ್ಕ ಹೇಳಿದ ವಿಷಯಕ್ಕೆ ಪ್ರತಿಕ್ರಿಯೆ ಕೊಡಬೇಕು. ಅವನು 'ಐ ಹ್ಯಾವ್ ಫೋರ್ ಡಾಟರ್ಸ್' ಎಂದರೆ 'ಫೋರ್! ಆರ್ ದೆ ಇನ್ ಸ್ಕೂಲ್?' ಎನ್ನುವುದೇ ಬಲ. ಉತ್ತರಕ್ಕೆ ಎದ್ದು ನಿಲ್ಲಿಸುವ ರೂಢಿ ಬಿಡಬೇಕು. ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಿ ತಿದ್ದಬಾರದು. ತಪ್ಪುಗಳನ್ನು ಗುರುತುಹಾಕಿಕೊಂಡು, ಚಟುವಟಿಕೆ ಮುಗಿದ ಮೇಲೆ ಯಾರ ಹೆಸರೂ ಹೇಳದೆ ಹಲಗೆಯ ಮೇಲೆ ಬರೆದು ಎಲ್ಲರಿಂದ ತಿದ್ದಿಸಬೇಕು. ವ್ಯಾಕರಣದ ಅಭ್ಯಾಸ ನಡೆದಾಗ ಮಾತ್ರ ಕೂಡಲೇ ತಿದ್ದಬಹುದು.

ಇನ್ನು ಆ ವಯಸ್ಕ ಏಕೆ ಕಲಿಯುತ್ತಿದ್ದಾನೆ ಎಂಬುದು. ಬ್ರಿಟನ್ನಿನಲ್ಲಿರುವ ಗಂಡನ ಬಳಿ ಹೋಗಬೇಕಾದ ನಮ್ಮ ಕಡೆಯ ಹೆಣ್ಣುಮಗಳನ್ನೇ ತೆಗೆದುಕೊಳ್ಳಿ. 2010ರ ನವೆಂಬರಿನಿಂದ ಅಲ್ಲಿನ ಸಂಗಾತಿ ವೀಸಾಕ್ಕೆ ಇಂಗ್ಲಿಷ್ ಮಾತು ಮತ್ತು ಆಲಿಸುವಿಕೆಯಲ್ಲಿ 'ಎ-1' ಮಟ್ಟದ ಪರೀಕ್ಷೆ ಪಾಸಾಗಬೇಕು. ಮುಂದೆ ವೀಸಾ ಮುಂದುವರಿಸಲು 'ಎ-2', ನೆಲೆಸಲು 'ಬಿ-1'. ಈ ಅಕ್ಷರ-ಅಂಕಿಗಳು ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಸಾಮಾನ್ಯ ಚೌಕಟ್ಟಿನವು. ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲು. ಹೊರದೇಶದ ಯಾವ ಭಾಷಾಶಾಲೆಗೆ ಹೋದರೂ ಸಂದರ್ಶನದಲ್ಲಿ ಇವು ಬರುತ್ತವೆ. ಪ್ರಶಿಕ್ಷಣಾರ್ಥಿಗಳು ಕಂಠಪಾಠ ಮಾಡುವುದಕ್ಕಿಂತ ಪ್ರತಿ ಮೆಟ್ಟಿಲಿನಲ್ಲಿ ಮನುಷ್ಯ ಏನೇನು ಮಾಡಬಲ್ಲ ಎಂಬುದನ್ನು ತಿಳಿದಿರಬೇಕು. ಎ-1ರವಳು ತನ್ನ ಹೆಸರು, ವಿಳಾಸ, ಮನೆಯವರ ವಿಷಯ ಹೇಳಬಲ್ಲಳು. ದವಾಖಾನೆಯಲ್ಲಿ ನೋವು ಎಂಥದೆಂದು ಬಿಡಿಸಿ ಹೇಳಲಾರಳು. ಅವಳ ಶಿಕ್ಷಕಿ ಸಕರ್ಮಕ-ಅಕರ್ಮಕ ಕ್ರಿಯಾಪದ ಹಿಡಿದು ಕೂತರೆ ಅವಳಿಗೆ ವೀಸಾವೂ ಇಲ್ಲ, ಮಾತೂ ಇಲ್ಲ.

ಆಸ್ಟ್ರೇಲಿಯ 1948ರಿಂದಲೇ ವಲಸೆ ಬಂದ ವಯಸ್ಕರಿಗೆ ಸರ್ಕಾರದ ಖರ್ಚಿನಲ್ಲಿ ಇಂಗ್ಲಿಷ್ ಕಲಿಸುತ್ತ ಬಂದಿದೆ. ಬಹುಕಾಲ ಒಬ್ಬರಿಗೆ 510 ಗಂಟೆಯ ಮಿತಿ ಇತ್ತು. 2021ರಲ್ಲಿ ಆ ಮಿತಿ ತೆಗೆದರು. ಅಂಥ ತರಗತಿಗಳ ಪಾಠವಸ್ತು ಬಹುಪಾಲು ಬದುಕಿನ ವ್ಯವಹಾರ: ಬಾಡಿಗೆ ಮನೆ, ಮಗುವಿನ ಶಾಲೆ, ಫೋನ್ ಕರೆ, ಅರ್ಜಿ. ಅರ್ಜಿಯ ಮಾತು ಬಂತೆಂದು ಹೇಳುತ್ತೇನೆ. 'ಸರ್‌ನೇಮ್' ಎಂಬ ಖಾನೆಯ ಎದುರಿಗೆ ಮೈಸೂರು ಕಡೆಯವರು ತಮ್ಮ ಇನಿಷಿಯಲ್ ಹಿಡಿದು ಒದ್ದಾಡುತ್ತಾರೆ. ನಮ್ಮ ಮೆಣಸಿನಕಾಯಿ, ಉಳ್ಳಾಗಡ್ಡಿಯವರಿಗೆ ಆ ಚಿಂತೆಯಿಲ್ಲ. ಒಂದೇ ಹೆಸರಿನ ಜನರೂ ಜಗತ್ತಿನಲ್ಲಿದ್ದಾರೆ. ಒಂದು ಖಾನೆಯ ಮೇಲೆ ಒಂದು ತಾಸಿನ ಪಾಠ ಕಟ್ಟಬಹುದು, ಎಲ್ಲರಿಗೂ ಅದು ಬೇಕಾಗಿರುತ್ತದೆ.

ಮುಂಡಗೋಡಕ್ಕೆ ಮತ್ತೆ ಬರುತ್ತೇನೆ. ಎರಡನೆಯ ಸಲ ಹೋದಾಗ ಒಬ್ಬ ಪ್ರಶಿಕ್ಷಣಾರ್ಥಿನಿಯ ಪಾಠ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವ ಸಂಭಾಷಣೆ. ಇಬ್ಬಿಬ್ಬರು ಕೂತು ಓದಿದರು, ಸಪ್ಪೆ. ಸಂಜೆ ಮಠದ ಅಂಗಳದಲ್ಲಿ ಅದೇ ಭಿಕ್ಷುಗಳು ಶಾಸ್ತ್ರವಾದಕ್ಕೆ ನಿಂತಿದ್ದರು. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ, ಉತ್ತರಕ್ಕೆ ಮರುಪ್ರಶ್ನೆ. ಅದನ್ನು ಕಣ್ಣಾರೆ ಕಂಡು ಬಂದವಳು ಮರುದಿನದ ಪಾಠ ಬದಲಿಸಿದಳು. 'ಎ ಮಂಕ್ ಶುಡ್ ಹ್ಯಾವ್ ಎ ಮೊಬೈಲ್ ಫೋನ್' ಎಂಬ ಒಂದು ವಾಕ್ಯ ಹಲಗೆಯ ಮೇಲೆ ಬರೆದಳು. 'ವೈ?', 'ಐ ಡೋಂಟ್ ಅಗ್ರೀ', 'ಬಟ್ ವಾಟ್ ಅಬೌಟ್' ಎಂಬ ಮೂರು ಎಳೆಗಳನ್ನು ಕೊಟ್ಟು ಬದಿಗೆ ಸರಿದು ನಿಂತಳು. ಮುಂದಿನ ಅರ್ಧ ತಾಸು ಅವಳಿಗೆ ಮಾತಾಡುವ ಕೆಲಸವೇ ಬೀಳಲಿಲ್ಲ. ಇಂಗ್ಲಿಷ್ ಮುರುಕಲಾಗಿತ್ತು, ಚಪ್ಪಾಳೆ ಜೋರಾಗಿತ್ತು.

ಇದಕ್ಕೊಂದು ಶಾಸ್ತ್ರವಿದೆ, ಅದು ನಮ್ಮ ರಾಜ್ಯದ್ದೇ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಪಟ್ಟಿಯಿಲ್ಲ, ರೈಲು ವೇಳಾಪಟ್ಟಿ, ನಕ್ಷೆ ಮುಂತಾದವನ್ನು ಕೊಟ್ಟು ಬಿಡಿಸಬೇಕಾದ ಕಾರ್ಯ ಒಡ್ಡುವುದು. ಮನಸ್ಸು ಅರ್ಥದ ಹಿಂದೆ ಓಡುವಾಗ ಭಾಷೆಯ ರೂಪ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಇದು ಪುಸ್ತಕವಾಯಿತು. ಕಾರ್ಯಗಳನ್ನು ಅವರು ಮೂರು ಬಗೆಯಾಗಿ ನೋಡಿದರು: ಒಬ್ಬರಲ್ಲಿರುವ ಮಾಹಿತಿ ಇನ್ನೊಬ್ಬರಿಗೆ ಮುಟ್ಟಿಸುವುದು, ಇದ್ದ ಮಾಹಿತಿಯಿಂದ ತರ್ಕಿಸಿ ಹೊಸದನ್ನು ಕಂಡುಕೊಳ್ಳುವುದು, ತಮ್ಮ ಅಭಿಪ್ರಾಯ ಹೇಳುವುದು. ಇಂದು ಜಗತ್ತಿನ ಯಾವ ಮೂಲೆಯಲ್ಲಿ 'ಕಾರ್ಯಾಧಾರಿತ ಬೋಧನೆ' ಎಂದು ಪಾಠ ಹೇಳಿದರೂ ಅದರ ಮೊದಲ ಅಧ್ಯಾಯದಲ್ಲಿ ಬೆಂಗಳೂರು ಇರುತ್ತದೆ. ನಮ್ಮವರು ದುಬಾರಿ ಶುಲ್ಕ ಕೊಟ್ಟು ಅದನ್ನು ಹೊರಗಿನ ವಿದ್ಯೆ ಎಂದು ಕಲಿತು ಬರುವುದು ನನಗೆ ತುಸು ತಮಾಷೆಯಾಗಿ ಕಾಣುತ್ತದೆ.

ಕನ್ನಡವನ್ನು ಎಲ್ಲಿಡಬೇಕು?

ಹಾಗಾದರೆ ಹೊರಟಾಗ ಕನ್ನಡವನ್ನು ಮನೆಯಲ್ಲಿ ಬಿಟ್ಟು ಹೋಗಬೇಕೇ? ಬಾಯಿಗೆ ಅದು ಬರುವುದಿಲ್ಲ, ನಿಜ. ತಲೆಯಲ್ಲಿ ಅದು ಕೆಲಸಕ್ಕೆ ಬರುತ್ತದೆ. ಅರಬ್ಬಿ ಮಾತಾಡುವವನು 'ಹಿ ಟೀಚರ್' ಎನ್ನುತ್ತಾನೆ. ಇಂಗ್ಲಿಷ್ ಮಾತ್ರ ಬಲ್ಲವನಿಗೆ 'ಈಸ್' ಎಲ್ಲಿ ಕಳೆದುಹೋಯಿತು ಎಂದು ಆಶ್ಚರ್ಯ. 'ಅವರು ಮಾಸ್ತರು' ಎನ್ನುವ ನಮಗೆ ಆಶ್ಚರ್ಯವಿಲ್ಲ; ಅರಬ್ಬಿಯಲ್ಲೂ ವರ್ತಮಾನದಲ್ಲಿ ಆ ಕೊಂಡಿ ಬೇಕಿಲ್ಲ. ಟಿಬೆಟನ್, ಜಪಾನಿ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷ್ ಹೆಸರಿನ ಮುಂಚೆ ಇಡುವ 'ಇನ್', 'ಆನ್' ಅಲ್ಲಿ ಹೆಸರಿನ ಹಿಂದೆ ಅಂಟುತ್ತವೆ. ಕನ್ನಡದಲ್ಲೂ ಹಾಗೆಯೇ. ಆ ಕಲಿಕಾರ್ಥಿಯ ತೊಡಕು ನಾವು ಐದನೆಯ ತರಗತಿಯಲ್ಲಿ ಪಟ್ಟದ್ದೇ. ಹಂಗೇರಿಯ ಪೀಟರ್ ಮೆಜೆಶ್ 1994ರಲ್ಲಿ ಬರೆದ ಪುಸ್ತಕದ ವಾದವೂ ಇದೇ: ಇಂಗ್ಲಿಷನ್ನು ಕಲಿತು ಶಿಕ್ಷಕರಾದವರು ಕಲಿಯುವ ದಾರಿಯ ತಗ್ಗುದಿನ್ನೆ ಬಲ್ಲರು, ಅದರಲ್ಲೇ ಹುಟ್ಟಿ ಬೆಳೆದವರು ಆ ದಾರಿ ನಡೆದವರಲ್ಲ.

ಉಚ್ಚಾರಣೆಯ ವಿಷಯಕ್ಕೆ ನಮ್ಮವರು ಹೆಚ್ಚು ಅಂಜುತ್ತಾರೆ. ಅಂಜಬೇಕಾದ ಜಾಗ ಮಾತ್ರ ಬೇರೆ. ಜೆನಿಫರ್ ಜೆಂಕಿನ್ಸ್ 2000ದಲ್ಲಿ, ಬೇರೆ ಬೇರೆ ತಾಯ್ನುಡಿಯವರು ಇಂಗ್ಲಿಷಿನಲ್ಲಿ ಮಾತಾಡುವಾಗ ಯಾವ ತಪ್ಪು ನಿಜವಾಗಿ ಅರ್ಥ ಕೆಡಿಸುತ್ತದೆ ಎಂದು ವಿಂಗಡಿಸಿದರು. 'ಥಿಂಕ್', 'ದಿಸ್' ಶಬ್ದಗಳ ಮೊದಲ ಧ್ವನಿಯನ್ನು ನಾವು ಹಲ್ಲಿಗೆ ನಾಲಿಗೆ ತಾಗಿಸಿ ನಮ್ಮ ರೀತಿಯಲ್ಲಿ ಹೇಳಿದರೆ ಏನೂ ಕೆಡುವುದಿಲ್ಲ. ಸ್ವರದ ಹ್ರಸ್ವ-ದೀರ್ಘ ಕೆಟ್ಟರೆ ಕೆಡುತ್ತದೆ. ಅದರಲ್ಲಿ ಕನ್ನಡಿಗರಿಗೆ ಪಾಠ ಬೇಕಿಲ್ಲ. ತೊಂದರೆ ಇರುವುದು ಎರಡು ಕಡೆ. 'ಪಿನ್' ಎನ್ನುವಾಗ ಪಕಾರಕ್ಕೆ ಉಸಿರಿನ ಒತ್ತು ಬೇಕು, ನಾವು ಅಲ್ಪಪ್ರಾಣದಲ್ಲಿ ಮುಗಿಸುತ್ತೇವೆ; ಕೇಳುವವನಿಗೆ ಅದು 'ಬಿನ್' ಎಂದು ಕೇಳಿಸೀತು. ಇನ್ನೊಂದು, ವಾಕ್ಯದಲ್ಲಿ ಯಾವ ಶಬ್ದಕ್ಕೆ ಒತ್ತು ಕೊಡಬೇಕೆಂಬುದು. ನಾವು ಎಲ್ಲ ಶಬ್ದಕ್ಕೂ ಸಮಪಾಲು ಕೊಡುತ್ತೇವೆ. ಜೊತೆಗೆ ನಮ್ಮೂರಿನ ಇಂಗ್ಲಿಷ್ ಯಾವುದು ಎಂಬ ಅರಿವು ಇರಬೇಕು. 'ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್', 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ' ಎಂದು ಕಲಿಸಿ ಕಳಿಸಿದರೆ, ಆ ಕಲಿಕಾರ್ಥಿ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತಾನೆ.

ಪ್ರಮಾಣಪತ್ರದ ಪೇಟೆ

ಇನ್ನು ಕಹಿ ಮಾತು. ಎಷ್ಟೇ ಚೆನ್ನಾಗಿ ಕಲಿಸಿದರೂ ಕೆಲವು ಬಾಗಿಲುಗಳು ಪಾಸ್‌ಪೋರ್ಟ್ ನೋಡಿ ಮುಚ್ಚುತ್ತವೆ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಶಿಕ್ಷಕರ ಇ-2 ವೀಸಾ ಮುಖ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. ಇತರ ಕಡೆ ಕಾನೂನಿನಲ್ಲಿ ಇಲ್ಲದಿದ್ದರೂ ಜಾಹೀರಾತಿನಲ್ಲಿ 'ನೇಟಿವ್ ಸ್ಪೀಕರ್' ಎಂದಿರುತ್ತದೆ. ಇಂಗ್ಲಿಷಿನಲ್ಲಿ ಹುಟ್ಟಿದವರೇ ಅದರ ಒಳ್ಳೆಯ ಶಿಕ್ಷಕರು ಎಂಬುದು ಭ್ರಮೆ ಎಂದು ರಾಬರ್ಟ್ ಫಿಲಿಪ್ಸನ್ 1992ರಲ್ಲೇ ವಾದಿಸಿದರು. ಪೇಟೆ ಆ ಪುಸ್ತಕ ಓದಿದಂತೆ ಕಾಣುವುದಿಲ್ಲ. ಹೊರಡುವ ಮೊದಲು ಆಯಾ ದೇಶದ ವೀಸಾ ನಿಯಮವನ್ನು ರಾಯಭಾರ ಕಚೇರಿಯ ಮೂಲದಿಂದಲೇ ನೋಡಿಕೊಳ್ಳಬೇಕು, ಏಜೆಂಟರ ಬಾಯಿಮಾತು ನಂಬಬಾರದು.

ಈ ಅಂಜಿಕೆಯ ಮೇಲೆಯೇ ಒಂದು ವ್ಯಾಪಾರ ಬೆಳೆದಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆನ್‌ಲೈನಿನಲ್ಲಿ ದುಡ್ಡು ಕಟ್ಟಿ '120 ಗಂಟೆ'ಯ ಪ್ರಮಾಣಪತ್ರ ಪಡೆದಳು. ವಿಡಿಯೊ ನೋಡುವುದು, ಬಹುಆಯ್ಕೆ ಪ್ರಶ್ನೆಗಳಿಗೆ ಉತ್ತರಿಸುವುದು, ಮುಗಿಯಿತು. ಕೊಲ್ಲಿ ದೇಶದ ಒಂದು ಸಂಸ್ಥೆಯ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ, 'ವಯಸ್ಕರಿಗೆ ನೀವು ಮಾಡಿದ ಎಷ್ಟು ಗಂಟೆಯ ಪಾಠವನ್ನು ಯಾರು ವೀಕ್ಷಿಸಿದ್ದಾರೆ?' ಸೊನ್ನೆ ಎಂದು ಹೇಳಬೇಕಾಯಿತು. ಅವಳ ಬಿ.ಎಡ್. ಮಕ್ಕಳದ್ದೆಂದು ಬದಿಗಿಟ್ಟರು. 120 ಎಂಬ ಅಂಕಿ ಸೆಲ್ಟಾದಲ್ಲೂ ಇದೆ, ಈ ಪ್ರಮಾಣಪತ್ರದಲ್ಲೂ ಇದೆ. ಮಾರುವವರಿಗೆ ಆ ಗೊಂದಲವೇ ಬೇಕು. ದುಡ್ಡು ಕಟ್ಟುವ ಮೊದಲು ಕೇಳಬೇಕಾದದ್ದು ಇಷ್ಟೇ: ಅಭ್ಯಾಸ ಪಾಠ ಇದೆಯೇ, ಎದುರಿಗೆ ನಿಜವಾದ ಕಲಿಕಾರ್ಥಿಗಳು ಇರುತ್ತಾರೆಯೇ, ಅರ್ಹ ಪ್ರಶಿಕ್ಷಕರು ನೋಡಿ ಹಿಮ್ಮಾಹಿತಿ ಕೊಡುತ್ತಾರೆಯೇ? ಆನ್‌ಲೈನ್ ಎಂಬುದೇ ದೋಷವಲ್ಲ. ಸೆಲ್ಟಾ ಕೂಡ 2020ರ ನಂತರ ಪೂರ್ತಿ ಆನ್‌ಲೈನಿನಲ್ಲಿ ನಡೆಯುತ್ತಿದೆ. ಆದರೆ ಪರದೆಯ ಆಚೆ ಕಲಿಯುವ ಜನ ಇರುತ್ತಾರೆ, ಪಾಠ ನೋಡುವ ಪ್ರಶಿಕ್ಷಕರು ಇರುತ್ತಾರೆ. ಅದರ ಶುಲ್ಕ ಭಾರಿ. ಸಾಲ ಮಾಡುವ ಮೊದಲು ವೀಸಾ ನಿಯಮ ನೋಡಿರಿ ಎನ್ನುವುದು ಅದಕ್ಕೇ.

ನಮ್ಮ ಕಾಲೇಜಿನಲ್ಲೇ ಆಗಬಹುದಾದದ್ದು

ಪರಭಾಷೆಯ ಪಾಠವೊಂದನ್ನು ಮೊದಲ ವಾರವೇ ಇಡಬೇಕು. ಪ್ರತಿ ತಂಡದಲ್ಲೂ ಲಂಬಾಣಿ, ಕೊಂಕಣಿ, ತೆಲುಗು ಮನೆಮಾತಿನವರು ಇದ್ದೇ ಇರುತ್ತಾರೆ. ಅವರಲ್ಲೊಬ್ಬರು ಕನ್ನಡ, ಇಂಗ್ಲಿಷ್, ಹಿಂದಿ ಒಂದು ಶಬ್ದವನ್ನೂ ಬಳಸದೆ ತಮ್ಮ ಮನೆಮಾತಿನಲ್ಲಿ ಉಳಿದವರಿಗೆ ಇಪ್ಪತ್ತು ನಿಮಿಷ ಪಾಠ ಮಾಡಲಿ. ಹೆಸರು ಹೇಳುವುದು, ನೀರು ಕೇಳುವುದು, ಬೆಲೆ ಕೇಳುವುದು. ನಮ್ಮಲ್ಲಿ ಲಂಬಾಣಿ ಮನೆಯ ಹುಡುಗಿಯೊಬ್ಬಳು ಹೀಗೆ ಮಾಡಿದಾಗ ತರಗತಿಯ ಜಾಣರು ಮೊದಲ ಐದು ನಿಮಿಷ ಬೆವೆತರು. ತಿಳಿಯದ ಭಾಷೆಯ ಎದುರಿಗೆ ಕೂತ ವಯಸ್ಕನ ಸ್ಥಿತಿ ಏನೆಂಬುದನ್ನು ನಾನು ಉಪನ್ಯಾಸದಲ್ಲಿ ಹೇಳಿ ಮುಟ್ಟಿಸಲಾರೆ. ತಾಂಡಾದ ಮಾತು ತರಗತಿಯಲ್ಲಿ ಕೆಲಸಕ್ಕೆ ಬಂದದ್ದು ಅವಳ ಪಾಲಿಗೂ ಅದೇ ಮೊದಲು. ಹಾಗೆ ನೋಡಿದರೆ ಅನ್ಯಭಾಷೆ ಕಲಿಯಲು ಬಂದ ವಯಸ್ಕರು ಧಾರವಾಡಕ್ಕೆ ಹೊಸಬರೇನಲ್ಲ. 1853ರಲ್ಲಿ ಬಂದ ಕಿಟೆಲ್‌ಗೆ ಆಗ 21 ವರ್ಷ. ಅವರು ಮೊದಲು ನೆಲೆಸಿ ಕನ್ನಡಕ್ಕೆ ಕೈಹಚ್ಚಿದ್ದು ಇಲ್ಲಿಯೇ.

ಎರಡನೆಯದು, ಇಂಟರ್ನ್‌ಶಿಪ್‌ನ ಹೊರಗೆ, ಇಷ್ಟವಿದ್ದವರಿಗೆ, ವಯಸ್ಕರಿಗೆ ಆರೇ ಆರು ಪಾಠ. ಮುಂಡಗೋಡ ದೂರವಾದರೆ ಹುಬ್ಬಳ್ಳಿಯ ಹೋಟೆಲ್ ಕೆಲಸಗಾರರು, ಆಟೋ ಚಾಲಕರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಮಗನ ಮನೆಗೆ ಅಮೆರಿಕಕ್ಕೆ ಹೊರಟ ಹಿರಿಯರು ಇದ್ದಾರೆ. ಅವರಿಗೆ ಕನ್ನಡ ಬರುತ್ತದೆ, ಆದ್ದರಿಂದ ಕನ್ನಡ ಬಳಸದಿರುವ ನಿರ್ಬಂಧ ಅಲ್ಲಿ ಕೃತಕ. ಅದನ್ನು ಹಟ ಹಿಡಿದು ಹೇರಬಾರದು. ವಯಸ್ಕರ ಮರ್ಯಾದೆ, ಅವರ ಅಗತ್ಯ, ತಿದ್ದುವ ರೀತಿ ಇವನ್ನು ಕಲಿಯಲು ಅವರೇ ಸಾಕು.

ಮೂರನೆಯದು, ಪಾಠವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಮೊದಲ ಹತ್ತು ನಿಮಿಷದ ತಮ್ಮ ಮಾತನ್ನೆಲ್ಲ ಅಕ್ಷರಶಃ ಬರೆಯುವುದು. ಬೇಸರದ ಕೆಲಸ, ಎರಡು ಮೂರು ತಾಸು ಹಿಡಿಯುತ್ತದೆ. ಆ ಬರಹದಲ್ಲಿ ಕಲಿಕಾರ್ಥಿಗಳ ಮಾತಿಗೆ ಕೆಂಪು, ತಮ್ಮ ಮಾತಿಗೆ ನೀಲಿ ಗೆರೆ ಎಳೆಯಬೇಕು. ಮುಂಡಗೋಡದಲ್ಲಿ 'ಯೂಸ್ಡ್ ಟು' ಪಾಠ ಮಾಡಿದ ಹುಡುಗನ ಮೊದಲ ದಿನದ ಹಾಳೆ ನನ್ನ ಕಡತದಲ್ಲಿದೆ. ಮೂರೂವರೆ ಪುಟ ನೀಲಿ. ಕೆಂಪು ಗೆರೆ ಒಟ್ಟು ನಾಲ್ಕು ಕಡೆ, ನಾಲ್ಕರಲ್ಲೂ 'ಯೆಸ್, ಸರ್'. ಎರಡನೆಯ ದಿನದ ಹಾಳೆಯಲ್ಲಿ ಒಂದು ಕಡೆ ನೀಲಿಯೂ ಇಲ್ಲ, ಕೆಂಪೂ ಇಲ್ಲ. ಅಲ್ಲಿ ಅವನು ಕಂಸದಲ್ಲಿ ಬರೆದಿದ್ದಾನೆ: ಎಂಟು ಸೆಕೆಂಡು ಮೌನ, ಯೋಚಿಸುತ್ತಿದ್ದರು, ನಾನೂ ಸುಮ್ಮನಿದ್ದೆ.